ಮೈ ಕೊಡವದ ಟಗರು

ನಾನು ಬಾಡೂಟದ ವಿರೋಧಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಕಡೆ ಈಗ ನನ್ನ ಬಗ್ಗೆ ಥರಾವರಿ ಕಥೆಗಳು ಓಡಾಡುತ್ತಿವೆ. ಮಾಗಡಿಯಿಂದ ರಾಮನಗರದವರೆಗೆ ಯಾವ ಊರಿನಲ್ಲಿ ಬೀಗರೂಟವಾದರೂ ಮೊದಲ ಪಂಕ್ತಿಯಲ್ಲೇ ಎಲೆ ಹಿಡಿದವನು ನಾನು. ಸೋಮವಾರ, ಶನಿವಾರ ಮತ್ತು ಶ್ರಾವಣ ಮಾಸ ಬಿಟ್ಟರೆ ಉಳಿದ ದಿನಗಳಲ್ಲಿ ಯಾವ ಪ್ರಾಣಿಯ ಮೇಲೂ ನನಗೆ ವಿಶೇಷ ಕರುಣೆ ಇರಲಿಲ್ಲ. ಸೋಮವಾರ ಅಂಗಳದಲ್ಲಿ ಕೋಳಿ ಕಂಡರೆ 'ಪಾಪ, ಮೂಕಪ್ರಾಣಿ' ಅನ್ನಿಸುತ್ತಿತ್ತು. ಮಂಗಳವಾರ ಅದೇ ಕೋಳಿ ಕಂಡರೆ ಮನೆಯಲ್ಲಿ ಮೆಣಸು ಇದೆಯೋ ಇಲ್ಲವೋ ಅನ್ನಿಸುತ್ತಿತ್ತು. ಇಷ್ಟು ಶಿಸ್ತಿನ ಧರ್ಮಾತ್ಮನಾದ ನಾನು ಒಂದು ಗಿಡ್ಡ ಟಗರಿನ ದೆಸೆಯಿಂದ ಎರಡು ಊರಿನ ಜನರ ಮುಂದೆ ಮಾನ ಕಳೆದುಕೊಂಡೆ!

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು ಬುಟ್ಟಿಗಟ್ಟಲೆ ಉಳಿಯುತ್ತದೆ. ಆ ಸೊಪ್ಪು ತಿಂದ ಕುರಿ ಬೆಣ್ಣೆಯಂತೆ ಬೆಳೆಯುತ್ತದೆ ಎಂಬುದು ನಮ್ಮ ತಾಲ್ಲೂಕಿನಲ್ಲಿ ಎಲ್ಲರಿಗೂ ಗೊತ್ತು. ಮಗಳು ಸೌಮ್ಯಳ ಮದುವೆ ಗೊತ್ತಾದ ವಾರವೇ ಒಂದು ಬನ್ನೂರು ಟಗರು ಮರಿ ತಂದು ಕೊಟ್ಟಿಗೆಯಲ್ಲಿ ಕಟ್ಟಿದೆ. ಉದ್ದೇಶ ಸ್ಪಷ್ಟವಾಗಿತ್ತು. ಮದುವೆಯಾದ ಮೇಲೆ ಹುಡುಗನ ಮನೆಯವರಿಗೆ ನಾವು ಹಾಕುವ ಬೀಗರೂಟಕ್ಕೆ ಅಂಗಡಿಯಿಂದ ತಂದ ಬಾಡಿನ ಜೊತೆ ಮನೆಯಲ್ಲೇ ಸಾಕಿದ್ದು ಒಂದಿದ್ದರೆ ಅದರ ಗತ್ತೇ ಬೇರೆ.

ತಿನ್ನುವ ಪ್ರಾಣಿಗೆ ಹೆಸರಿಡಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಈ ನಿಯಮವನ್ನು ನಾನು ಅತ್ಯಂತ ಕಟ್ಟುನಿಟ್ಟಾಗಿ ನಾಲ್ಕು ದಿನ ಪಾಲಿಸಿದೆ. ಐದನೇ ದಿನ ಅದು ನನ್ನ ಲುಂಗಿಯ ತುದಿ ಅಗಿಯುತ್ತಿದ್ದಾಗ ಬಾಯಿ ತಪ್ಪಿ "ಬುಡ್ಲಾ ಕುಳ್ಳ" ಎಂದುಬಿಟ್ಟೆ. ಅದು ತಲೆಯೆತ್ತಿ ನೋಡಿತು. ಅಲ್ಲಿಗೆ ನಾಮಕರಣ ಮುಗಿಯಿತು.

ಕುಳ್ಳ ನಮ್ಮ ಬೀದಿಯಲ್ಲಿ ಗುದ್ದದ ಜನರಿಲ್ಲ. ಹಾಲಿನ ಡೇರಿಗೆ ಹೋಗುವವರನ್ನು ಗುದ್ದಿದ, ಮೀಟರ್ ಓದಲು ಬಂದವರನ್ನು ಗುದ್ದಿದ. ನನ್ನನ್ನು ಮಾತ್ರ ಗುದ್ದಲಿಲ್ಲ. ನಾನು ಹುಳುಮನೆಗೆ ಹೋದರೆ ಹುಳುಮನೆ ಬಾಗಿಲಿಗೆ, ತೋಟಕ್ಕೆ ಹೋದರೆ ತೋಟಕ್ಕೆ ಹಿಂದೆಯೇ ಬರುತ್ತಿದ್ದ. ನಾನು ಅವನ ಜೊತೆ ಮಾತಾಡುವುದನ್ನು ಕಂಡು ನನ್ನ ಹೆಂಡತಿ ಜಯಮ್ಮ ಒಂದು ದಿನ ಅಂದಳು:

"ಇಪ್ಪತ್ತಾರು ವರ್ಸ ನಾನೂ ನಿಮ್ಮಿಂದೇನೇ ಬಂದೆ. ಒಂದಿನಾನೂ ತಿರುಗಿ 'ಉಂಡ್ಯಾ' ಅಂತ ಕೇಳ್ನಿಲ್ಲ."

ಮದುವೆಗೆ ಮುಂಚೆ ನಮ್ಮ ಬೀಗರು ಚಿಕ್ಕಮರೀಗೌಡರು ಕನಕಪುರದ ಕಡೆಯಿಂದ ಮಾತುಕತೆಗೆ ಬಂದರು. ಮನೆಯೊಳಗೆ ಬರುವ ಮೊದಲೇ ಅವರ ಕಣ್ಣು ಕೊಟ್ಟಿಗೆಯ ಮೇಲೆ ಬಿತ್ತು. ಕುಳ್ಳನ ಬೆನ್ನು ಸವರಿ, ತೊಡೆ ಹಿಸುಕಿ, "ಬೀಗ್ರೇ, ಇದು ಬೀಗ್ರೂಟಕ್ಕೇ ತಾನೆ?" ಎಂದು ಕೇಳಿದರು. ಹೆಣ್ಣು ಹೆತ್ತವನ ಉತ್ಸಾಹ ನೋಡಿ! "ನಿಮಗೋಸ್ಕರಾನೇ ಸಾಕಿರೋದು ಬೀಗ್ರೇ!" ಎಂದು ಎದೆಯುಬ್ಬಿಸಿ ಹೇಳಿದೆ. ಬೀಗರು ಮನೆಗೆ ಹೋಗಿ ಆ ತೊಡೆಯ ವರ್ಣನೆಯನ್ನು ನೆಂಟರಿಗೆಲ್ಲ ಮಾಡಿದರಂತೆ.

ಮದುವೆ ರಾಮನಗರದ ಛತ್ರದಲ್ಲಿ ಸಾಂಗವಾಗಿ ನಡೆಯಿತು. ಅದು ಹೋಳಿಗೆ, ಪಾಯಸದ ಪವಿತ್ರ ಊಟ. ಬೀಗರೂಟ ಮುಂದಿನ ವಾರ ಬುಧವಾರವೆಂದು ಗೊತ್ತಾಯಿತು. ಸೌಮ್ಯ ಗಂಡನ ಮನೆಗೆ ಹೋದಳು. ಮನೆ ಬಿಕೋ ಎನ್ನುತ್ತಿತ್ತು. ಕೊಟ್ಟಿಗೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ. ಕುಳ್ಳ ಬಂದು ನನ್ನ ಮಂಡಿಯ ಮೇಲೆ ಗದ್ದ ಇಟ್ಟ. ಇವನನ್ನು ಕೊಲ್ಲಲು ನನ್ನಿಂದಾಗದು ಎಂದು ಆ ಕ್ಷಣವೇ ತೀರ್ಮಾನಿಸಿದೆ. ಆ ತೀರ್ಮಾನವನ್ನು ಜಯಮ್ಮನ ಮುಂದೆ ಮಂಡಿಸಿದ್ದು ನನ್ನ ಮೊದಲ ತಪ್ಪು.

"ಇದನ್ನ ಕುಯ್ಯೋದು ಅನ್ಯಾಯ ಕಣೆ" ಎಂದೆ.

"ಇನ್ಯಾವ್ದನ್ನ ಕುಯ್ಯೋದು ನ್ಯಾಯ?"

"ಬೇರೆ ಟಗರು ತಂದ್ರಾಯ್ತು."

"ಅದ್ಕೆ ಪ್ರಾಣ ಇಲ್ವಾ?"

"ಐತೆ. ಆದ್ರೆ ಪರಿಚಯ ಇಲ್ಲ."

ಜಯಮ್ಮ ಸೊಪ್ಪು ಹೆಚ್ಚುವ ಕತ್ತಿಯನ್ನು ಕೆಳಗಿಟ್ಟಳು. ಅವಳು ಕತ್ತಿ ಕೆಳಗಿಟ್ಟಳೆಂದರೆ ಮಾತು ಶುರುವಾಗುತ್ತದೆ ಎಂದರ್ಥ.

"ಅಂಗಾರೆ ಹುಳ? ತಿಂಗ್ಳು ಹತ್ರ ಮಕ್ಕಳಂಗೆ ಸಾಕ್ತೀರಿ. ಜ್ವರ ಬಂದ್ರೆ ನಂಗೆ ಮಾತ್ರೆ ತರಾಕಿಲ್ಲ, ಅವಕ್ಕೆ ಔಷ್ದಿ ತತ್ತೀರಿ. ಗೂಡು ಕಟ್ತಿದ್ದಂಗೆ ಮಾರ್ಕೆಟ್ಗೆ ಹೊತ್ಕಂಡೋಯ್ತೀರಿ. ಅಲ್ಲಿಂದ ಅವು ನೆಂಟ್ರ ಮನೆಗೋಯ್ತವಾ? ಕುದಿಯೋ ನೀರ್ಗೆ ತಾನೆ ಬೀಳಾದು?"

"ಬೇಯ್ಸೋರು ನಾವಲ್ಲ ಕಣೆ. ನೂಲು ತೆಗೆಯೋರು ಬೇಯಿಸ್ತಾರೆ."

"ಟಗ್ರು ಕುಯ್ಯೋರೂ ನಾವಲ್ಲ. ಅಂಗ್ಡಿಯೋರು ಬತ್ತಾರೆ. ಇನ್ನೇನ್ ತೊಂದ್ರೆ?"

ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ. ಅವಳು ಬಿಡಲಿಲ್ಲ.

"ನಮ್ಮಣ್ಣ ಹಂದಿ ಬಾಡು ತಂದ್ರೆ ಒಳಕ್ಕೆ ತರಬ್ಯಾಡ, ಮೈಲಿಗೆ, ಹಿತ್ಲಲ್ಲಿ ಬೇರೆ ಪಾತ್ರೇಲಿ ಬೇಯ್ಸು ಅಂತೀರಿ. ಆಮೇಲೆ ಅದೇ ಹಿತ್ಲಲ್ಲಿ ಕೂತ್ಕಂಡು ಮೂರ್ ಮೂರ್ ಸಲ ಇಕ್ಕಿಸ್ಕತೀರಿ. ಆವಾಗ ಎಲ್ಲೋಗಿತ್ತು ಈ ನ್ಯಾಯ?"

"ಅದು ಮನೆಯ ಶುದ್ಧಿಯ ವಿಷಯ. ಇದು ಮನಸ್ಸಿನ ವಿಷಯ. ಎರಡೂ ಬೇರೆ."

"ಬೇರೆ ಅಲ್ದೆ? ಒಂದ್ರಲ್ಲಿ ಉಪ್ಪು ಜಾಸ್ತಿ" ಎಂದು ಅವಳು ಮತ್ತೆ ಕತ್ತಿ ಕೈಗೆತ್ತಿಕೊಂಡಳು.

ಹೆಣ್ಣುಮಕ್ಕಳಿಗೆ ತತ್ವವಿಚಾರ ಅರ್ಥವಾಗುವುದಿಲ್ಲ ಎಂದುಕೊಂಡು ನಾನು ಬೈಕ್ ಹತ್ತಿ ಕೆಂಪಾಪುರದ ನನ್ನ ಗೆಳೆಯ ಬೋರೇಗೌಡನ ಮನೆಗೆ ಹೋದೆ. ಅವನ ಹತ್ತಿರವೂ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಟಗರಿತ್ತು. ಬಣ್ಣವೂ ಅದೇ. ನನ್ನ ಯೋಜನೆ ಸರಳವಾಗಿತ್ತು. ಟಗರಿಗೆ ಟಗರು ಅದಲುಬದಲು. ಬೀಗರು ತೊಡೆ ನೋಡಿದ್ದಾರೆಯೇ ಹೊರತು ಮುಖ ನೋಡಿಲ್ಲವಷ್ಟೆ!

"ಆಗ್ಲಿ ಕಣ್ಲಾ, ಅದ್ಕೇನಂತೆ" ಎಂದು ಬೋರೇಗೌಡ ಒಂದೇ ಮಾತಿಗೆ ಒಪ್ಪಿದ. ನನಗೆ ಆನಂದಬಾಷ್ಪ ಬರುವುದರಲ್ಲಿತ್ತು.

"ಚೆನ್ನಾಗಿ ನೋಡ್ಕತೀಯ ತಾನೆ?"

"ಭಾನುವಾರದವರ್ಗೂ ರಾಜನಂಗೆ ನೋಡ್ಕತೀನಿ."

"ಭಾನುವಾರ ಏನೈತೆ?"

"ಮೊಮ್ಮಗೀಗೆ ಕಿವಿ ಚುಚ್ಚಾ ಕಾರ್ಯ. ಟಗ್ರು ಕುಯ್ಯದೆ ಇನ್ನೇನು ಬದ್ನೆಕಾಯಿ ಕುಯ್ಲಾ?"

ಕುಳ್ಳನಿಗೆ ಮೂರು ದಿನ ಕಡಿಮೆ ಆಯಸ್ಸು ಗಿಟ್ಟಿಸಿಕೊಟ್ಟು ಬರುವುದರಲ್ಲಿದ್ದೆ. ಕಾಫಿ ಕುಡಿಯದೆ ಎದ್ದು ಬಂದೆ.

ದಾರಿಯಲ್ಲಿ ಒಂದು ಅದ್ಭುತವಾದ ಉಪಾಯ ಹೊಳೆಯಿತು. ನನ್ನ ಅದ್ಭುತ ಉಪಾಯಗಳೆಲ್ಲ ಬೈಕಿನ ಮೇಲೇ ಹೊಳೆಯುವುದು. ಬೀಗರ ಮಾತನ್ನು ಮೀರುವಂಥವರು ಯಾರು? ದೇವರು! ಮನೆಗೆ ಬಂದವನೇ ಚಿಕ್ಕಮರೀಗೌಡರಿಗೆ ಫೋನ್ ಮಾಡಿದೆ.

"ಬೀಗ್ರೇ, ಒಂದು ಸಣ್ಣ ತೊಡಕು. ಆ ಟಗರು ದೇವರಿಗೆ ಬಿಟ್ಟಿದ್ದು. ನನಗೆ ಮರೆತೇ ಹೋಗಿತ್ತು. ಬೀಗರೂಟಕ್ಕೆ ಬೇರೆ ತರ್ತೀನಿ."

"ಅಯ್ಯೋ, ದೇವ್ರದ್ದು ಅಂದ್ಮೇಲೆ ಮುಗೀತು ಬುಡಿ" ಎಂದು ಬೀಗರು ಭಕ್ತಿಯಿಂದ ಹೇಳಿದರು. "ಯಾವ ದೇವ್ರು?"

ಇಲ್ಲಿ ಸ್ವಲ್ಪ ಯೋಚಿಸಬೇಕಿತ್ತು. ನಮ್ಮಲ್ಲಿ ದೇವರುಗಳಿಗೂ ಊಟದ ಪದ್ಧತಿ ಇದೆ. ರಂಗನಾಥ, ತಿಮ್ಮಪ್ಪ ಇವರೆಲ್ಲ ಸಿಹಿಪೊಂಗಲಿನವರು. ಅವರಿಗೆ ಟಗರು ಬಿಟ್ಟೆ ಎಂದರೆ ಬೀಗರು ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಟಗರು ಎಂದರೆ ಅಮ್ಮಂದಿರಿಗೇ. ಅಮ್ಮಂದಿರಾದರೋ ಕೊಟ್ಟಿದ್ದನ್ನು ಸುಮ್ಮನೆ ಇಟ್ಟುಕೊಳ್ಳುವವರಲ್ಲ. ಇಷ್ಟೆಲ್ಲ ಗೊತ್ತಿದ್ದೂ "ಮಾರಮ್ಮನಿಗೆ" ಎಂದುಬಿಟ್ಟೆ.

ಸಂಜೆಗೆ ಸೌಮ್ಯಳ ಫೋನ್ ಬಂತು.

"ಅಪ್ಪಾ, ಹರಕೆ ಯಾವಾಗ ಹೊತ್ತಿದ್ದೆ? ಅತ್ತೆ ಕೇಳ್ತಾವ್ರೆ, ಯಾತಕ್ಕೆ ಹೊತ್ತಿದ್ದು ಅಂತ."

ಸುಳ್ಳಿಗೆ ಒಂದು ಗೌರವಾನ್ವಿತ ಕಾರಣ ಬೇಕಲ್ಲ. "ನಿನ್ನ ಮದುವೆ ಸುಸೂತ್ರವಾಗಿ ನಡೀಲಿ ಅಂತ ಮಗ" ಎಂದೆ. ನನ್ನ ಪಿತೃವಾತ್ಸಲ್ಯಕ್ಕೆ ನಾನೇ ತಲೆದೂಗಿದೆ. ಐದು ನಿಮಿಷದಲ್ಲಿ ಬೀಗಿತ್ತಿಯವರೇ ಫೋನ್ ಮಾಡಿದರು.

"ಅಲ್ಲಾ ಅಣ್ಣಯ್ಯ, ಮದ್ವೆಗೆ ಹೊತ್ತ ಹರಕೆ ಬಾಕಿ ಇಟ್ಕಂಡು ಹೆಣ್ಣು ಕಳ್ಸಿದ್ದೀರಲ್ಲ! ಮಕ್ಳಿಗೆ ಏನಾರ ಎಚ್ಚುಕಮ್ಮಿ ಆದ್ರೆ? ಬುಧವಾರ ಬೀಗ್ರೂಟ. ಹಿಂದ್ಲ ದಿನ ಮಂಗಳವಾರ ಅಮ್ಮನ ವಾರ. ಹರಕೆ ತೀರಿಸ್ಬುಡಿ. ನಾವೆಲ್ಲ ಬತ್ತೀವಿ."

ಬುಧವಾರ ಸಾಯಬೇಕಿದ್ದ ಕುಳ್ಳನನ್ನು ನಾನು ಮಂಗಳವಾರಕ್ಕೆ ತಂದಿದ್ದೆ. ಜೊತೆಗೆ ಒಂದು ಊಟದ ಜಾಗದಲ್ಲಿ ಎರಡು ಊಟ! ಜಯಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ಇನ್ನೊಂದ್ ಉಪಾಯ ಮಾಡಿ. ಟಗ್ರು ಜೊತೆ ನಾವೂ ಓಯ್ತೀವಿ."

ಆದರೆ ನಾನು ಧೃತಿಗೆಡುವ ಪೈಕಿಯವನಲ್ಲ. ನಮ್ಮ ಕಡೆ ಹರಕೆಯ ಟಗರನ್ನು ಹಾಗೇ ಕುಯ್ಯುವಂತಿಲ್ಲ. ಪೂಜಾರಿ ಅದರ ತಲೆ, ಬೆನ್ನಿನ ಮೇಲೆ ತೀರ್ಥ ಹುಯ್ಯುತ್ತಾರೆ. ಅದು ಮೈ ಕೊಡವಿದರೆ ಅಮ್ಮ ಒಪ್ಪಿದಳು ಎಂದರ್ಥ. ಕೊಡವದಿದ್ದರೆ ಒಪ್ಪಲಿಲ್ಲ, ಕತ್ತಿ ಎತ್ತುವಂತಿಲ್ಲ. ಸಾವಿರಾರು ಟಗರುಗಳು ಈ ಪರೀಕ್ಷೆಯಲ್ಲಿ ಪಾಸಾಗಿ ಪ್ರಾಣ ಕಳೆದುಕೊಂಡಿವೆ. ಕುಳ್ಳನನ್ನು ಫೇಲ್ ಮಾಡಿಸಿದರೆ ಆಯಿತು!

ಮರುದಿನ ಬೆಳಿಗ್ಗೆಯೇ ಹುಳುಮನೆಯ ಹಿಂದೆ ತರಬೇತಿ ಶಿಬಿರ ಆರಂಭವಾಯಿತು. ಒಂದು ಚೊಂಬು ಬೋರ್‌ವೆಲ್ ನೀರು ತಲೆಯ ಮೇಲೆ ಸುರಿಯುವುದು. ಮೈ ಕೊಡವಿದರೆ ಸೊಪ್ಪಿಲ್ಲ. ಕೊಡವದಿದ್ದರೆ ಒಂದು ಹಿಡಿ ಎಳೆ ಸೊಪ್ಪು. ಮೊದಲ ದಿನ ಕುಳ್ಳ ಮೈ ಕೊಡವಿ ಕೊಡವಿ ನನಗೇ ಸ್ನಾನ ಮಾಡಿಸಿದ. ಮೂರನೇ ದಿನಕ್ಕೆ ಅರ್ಥ ಮಾಡಿಕೊಂಡ. ಐದನೇ ದಿನ ಕೊಡಪಾನ ಸುರಿದರೂ ಕಲ್ಲುಗಂಬದ ಹಾಗೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ. ನನ್ನ ಇಬ್ಬರು ತಮ್ಮಂದಿರು ಎಸ್ಸೆಸ್ಸೆಲ್ಸಿಗೆ ಇಷ್ಟು ಶ್ರದ್ಧೆ ತೋರಿಸಿದ್ದರೆ ಇವತ್ತು ಎಲ್ಲೋ ಇರುತ್ತಿದ್ದರು.

"ಟಗ್ರಿಗೆ ದಿನಾ ಸ್ನಾನ. ನೀವು ಮಾಡಿ ಯಾವ ಕಾಲ ಆಯ್ತು?" ಎಂದಳು ಜಯಮ್ಮ.

"ದೇವರಿಗೆ ಮೀಸಲು ಕಣೆ. ಮಡಿಯಾಗಿರಬೇಕು" ಎಂದೆ.

ಮಂಗಳವಾರ ಬಂತು. ಊರಾಚೆ ಬೇವಿನ ಮರದ ಕೆಳಗೆ ಮಾರಮ್ಮನ ಗುಡಿ. ಇಲ್ಲಿ ಪ್ರಾಣಿ ಬಲಿ ನಿಷೇಧಿಸಲಾಗಿದೆ ಎಂದು ಗುಡಿಯ ಮುಂದೆ ದೊಡ್ಡ ಬೋರ್ಡಿದೆ. ನಾವು ಕಾನೂನಿಗೆ ತಲೆಬಾಗುವ ಜನ, ಆದ್ದರಿಂದ ಬೋರ್ಡಿನ ಹಿಂದೆ ಕುಯ್ಯುತ್ತೇವೆ. ಬೀಗರ ಕಡೆಯವರು ಎರಡು ಟೆಂಪೋ ತುಂಬಾ ಬಂದಿಳಿದರು. ಒಲೆಯ ಮೇಲೆ ಎಸರು ಕಾಯುತ್ತಿತ್ತು, ಮಸಾಲೆ ರುಬ್ಬಿಯಾಗಿತ್ತು. ಸೌಮ್ಯ ಹೊಸ ಸೀರೆಯುಟ್ಟು ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ಕುಳ್ಳನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ನಾನು ಮಾತ್ರ ಒಳಗೊಳಗೇ ನಗುತ್ತಿದ್ದೆ.

ಪೂಜಾರಿ ಅರಿಶಿನದ ನೀರು ಹುಯ್ದರು. ಕುಳ್ಳ ಅಲುಗಲಿಲ್ಲ. ಎರಡನೇ ಚೊಂಬು. ಕುಳ್ಳ ನನ್ನ ಕಡೆ ತಿರುಗಿ ಸೊಪ್ಪು ಎಲ್ಲಿ ಎಂಬಂತೆ ನೋಡಿದ. ನಾಲ್ಕನೆಯದು, ಏಳನೆಯದು. ಜನ "ಒಪ್ಕಳವ್ವಾ ತಾಯಿ" ಎಂದು ಕೈಮುಗಿದರು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಹಸಿದ ನೆಂಟರ ಭಕ್ತಿ ಇಳಿಯುತ್ತಾ ಬಂತು. ಎಸರು ಬತ್ತಿ, ಮತ್ತೆ ನೀರು ಹಾಕಿದರು. ನನ್ನ ಶಿಷ್ಯನ ಸಾಧನೆ ಕಂಡು ನನ್ನ ಎದೆ ತುಂಬಿ ಬಂತು.

ಕೊನೆಗೆ ಪೂಜಾರಿ ಬೆವರೊರೆಸಿಕೊಂಡು, "ನಂಗೆ ತಿಳಿದಂಗೆ ಇಂಗ್ ಯಾವತ್ತೂ ಆಗಿಲ್ಲ. ಏನೋ ದೋಸ ಐತೆ" ಎಂದರು.

ಬೀಗಿತ್ತಿಯವರು ಪಕ್ಕದಲ್ಲಿದ್ದ ಹೆಂಗಸಿಗೆ ಪಿಸುಗುಟ್ಟಿದರು. ಅವರ ಪಿಸುಮಾತು ಚನ್ನಪಟ್ಟಣಕ್ಕೆ ಕೇಳಿಸುವಂಥದ್ದು. "ಮದ್ವೆಗೆ ಹೊತ್ತ ಹರಕೆ ಅಲ್ವಾ? ಅಮ್ಮ ಒಪ್ತಾ ಇಲ್ಲ ಅಂದ್ರೆ ಏನರ್ಥ? ಹೆಣ್ಣಿನ ಕಾಲ್ಗುಣ ಯೆಂಗೈತೋ ಏನೋ."

ನನ್ನ ನಗು ಅಲ್ಲೇ ಸತ್ತಿತು. ಸೌಮ್ಯ ತಲೆ ತಗ್ಗಿಸಿದಳು. ತಟ್ಟೆಯ ಹೂವಿನ ಮೇಲೆ ಅವಳ ಕಣ್ಣೀರು ಬೀಳುವುದು ನನಗೆ ಕಾಣಿಸಿತು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ಅಳಿಯಂದಿರು ಮೊಬೈಲ್‌ನೊಳಗೆ ಮುಖ ಮುಚ್ಚಿಕೊಂಡಿದ್ದರು. ಒಂದು ಟಗರನ್ನು ಉಳಿಸಲು ಹೋಗಿ ನನ್ನ ಮಗಳನ್ನು ಬೋರ್ಡಿನ ಹಿಂದೆ ನಿಲ್ಲಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಕುಳ್ಳ ಹೋದರೆ ಹೋಗಲಿ, ಮಗಳ ತಲೆ ಮೇಲಾಗಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ.

ಆದರೆ ಕುಳ್ಳನಿಗೆ ಅದನ್ನು ತಿಳಿಸುವುದು ಹೇಗೆ? ಅವನ ಎದುರು ಹೋಗಿ ನಿಂತೆ. "ಕೊಡವ್ಲಾ, ಕೊಡವ್ಲಾ" ಎಂದು ಗೊಣಗಿದೆ. ಅವನು ನನ್ನ ಕೈ ಮೂಸಿದ. ತೋರಿಸಿಕೊಟ್ಟರೆ ಕಲಿತಾನು ಎಂದು ನಾನೇ ಮೈ ಕೊಡವಿದೆ. ತಲೆಯಿಂದ ಕಾಲಿನವರೆಗೆ, ಟವೆಲ್ ಹಾರಿಹೋಗುವಂತೆ, ಕನ್ನಡಕ ಬೀಳುವಂತೆ ಕೊಡವಿದೆ.

"ಅಮ್ಮ ಬಂದ್ಲು! ಗೌಡ್ರ ಮೈಮೇಲೆ ಅಮ್ಮ ಬಂದ್ಲು!" ಎಂದು ಯಾರೋ ಕಿರುಚಿದರು.

ಅಷ್ಟೇ! ತಮಟೆ ಶುರುವಾಯಿತು. ನಾಲ್ಕು ಜನ ನನ್ನ ಸೊಂಟ ಹಿಡಿದರು. ಯಾರೋ ಬಾಯಿಗೆ ನಿಂಬೆಹಣ್ಣು ತುರುಕಿದರು. ಬೀಗರು ಕಾಲಿಗೇ ಬಿದ್ದು, "ತಾಯೀ, ಏನ್ ತಪ್ಪಾಗೈತೆ? ಬಾಯ್ಬುಟ್ಟು ಹೇಳವ್ವಾ" ಎಂದು ಬೇಡಿದರು. ಬಾಯಿ ಬಿಡಲು ನಿಂಬೆಹಣ್ಣು ಅಡ್ಡವಿತ್ತು. ಅದನ್ನು ಉಗುಳುವಷ್ಟರಲ್ಲಿ ಪೂಜಾರಿ ಕರ್ಪೂರದ ಗಟ್ಟಿ ಹಿಡಿದು ಮುಂದೆ ಬಂದರು.

"ನಿಜ್ವಾಗ್ಲೂ ಅಮ್ಮ ಆದ್ರೆ ಅಂಗೈ ಮೇಲೆ ಹಚ್ಚಿಸ್ಕಳಿ."

ಮಗಳ ಮೇಲಿನ ಪ್ರೀತಿಯಿಂದ ಸತ್ಯ ಒಪ್ಪಿಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಾನು ಒಪ್ಪಿಕೊಂಡಿದ್ದು ಕರ್ಪೂರ ನೋಡಿ. "ಅಮ್ಮ ಅಲ್ಲ, ನಾನು! ನಾನೇ ಕಣ್ರಪ್ಪಾ!" ಎಂದು ಕೂಗಿದೆ. ತಮಟೆ ನಿಂತಿತು. ಒಂದೇ ಉಸಿರಿನಲ್ಲಿ ಎಲ್ಲ ಕಕ್ಕಿದೆ. ಹರಕೆ ಸುಳ್ಳು, ಮರೆತಿದ್ದು ಸುಳ್ಳು, ನೀರು ಹುಯ್ದು ಕಲಿಸಿದ್ದು ನಾನು, ಹುಡುಗಿಯದು ಏನೂ ತಪ್ಪಿಲ್ಲ, ದೋಷ ಇರುವುದು ಪೂರ್ತಿ ನನ್ನ ತಲೆಯಲ್ಲಿ.

"ಟಗ್ರಿಗೆ ಸ್ನಾನ ಅದ್ಕಾ!" ಎಂದು ಜಯಮ್ಮ ಹಣೆ ಚಚ್ಚಿಕೊಂಡಳು.

ಆಮೇಲೆ ಬೀಗರು ನಗತೊಡಗಿದರು. ಬೇವಿನ ಮರಕ್ಕೆ ಒರಗಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ಟೆಂಪೋ ಜನವೂ ನಕ್ಕಿತು. ಬೀಗಿತ್ತಿಯವರು ಬಂದು ಸೌಮ್ಯಳ ಕಣ್ಣೊರೆಸಿ, "ನಿನ್ ತಪ್ಪೇನಿಲ್ಲ ಕಣವ್ವ. ನಿಮ್ಮಪ್ಪಂದೇ ಒಸಿ ಸಡ್ಲ" ಎಂದರು. ನನಗೆ ಆ ಮಾತು ಬಿರುದು ಕೊಟ್ಟಂತೆ ಕೇಳಿಸಿತು.

"ಓಗ್ಲಿ ಬುಡಿ ಬೀಗ್ರೇ" ಎಂದರು ಚಿಕ್ಕಮರೀಗೌಡರು. "ಅಷ್ಟು ಆಸೆ ಇದ್ರೆ ನಂಗೇ ಒಂದ್ ಮಾತು ಹೇಳಿದ್ರೆ ಆಗಾಕಿಲ್ವಾ? ಮನೇಲಿ ಸಾಕಿದ್ದು, ಬದುಕ್ಕಳ್ಲಿ. ಅಂಗ್ಡಿಯಿಂದ ಬಾಡು ತರ್ಸಿ, ಉಣ್ಣವ."

ಒಂದು ಮಾತು! ಇಷ್ಟು ದಿನದಲ್ಲಿ ನನಗೆ ಹೊಳೆಯದೇ ಹೋದ ಒಂದೇ ಉಪಾಯ ಅದು. ನನಗೆ ದುಃಖವೋ ಸಂತೋಷವೋ ತಿಳಿಯದಂತಾಯಿತು. ಓಡಿಹೋಗಿ ಕುಳ್ಳನ ಕೊರಳು ತಬ್ಬಿಕೊಂಡು ಅವನ ತಲೆಯ ಮೇಲೆ ಮುಖವಿಟ್ಟು ಮಗುವಿನಂತೆ ಅತ್ತೆ. ಧಾರಾಳವಾಗಿ ಅತ್ತೆ. ಒಂದೆರಡು ಹನಿ ಅವನ ಕಿವಿಯೊಳಗೆ ಇಳಿಯಿತು.

ಬೋರ್‌ವೆಲ್ ನೀರಿಗೆ ತರಬೇತಿ ಕೊಟ್ಟಿದ್ದೆ. ಕಣ್ಣೀರಿಗೆ ಕೊಟ್ಟಿರಲಿಲ್ಲ.

ಕುಳ್ಳ ನನ್ನನ್ನು ಪಕ್ಕಕ್ಕೆ ತಳ್ಳಿ, ಕಿವಿ ಬಡಿದು, ಮೂಗಿನ ತುದಿಯಿಂದ ಬಾಲದವರೆಗೆ ಮೈ ಕೊಡವಿದ. ಅರಿಶಿನದ ನೀರು ಮೊದಲ ಸಾಲಿನವರ ಮುಖಕ್ಕೆಲ್ಲ ಸಿಡಿಯಿತು.

"ಒಪ್ಪಿದ್ಲು!" ಎಂದು ಎರಡು ಊರು ಒಟ್ಟಿಗೆ ಕೂಗಿತು. ಪೂಜಾರಿ ನೆಲಕ್ಕೆ ಅಡ್ಡಬಿದ್ದರು. ಬೀಗರು ನಗು ನಿಲ್ಲಿಸಿ ಕೈಮುಗಿದರು. "ಇನ್ನು ನಮ್ ಕೈಲಿಲ್ಲ ಬೀಗ್ರೇ. ಸುಳ್ಳು ಹರಕೇನಾದ್ರೂ ಅಮ್ಮ ನಿಜ ಮಾಡ್ಕಂಡವ್ಳೆ. ಈಗ ಹಿಡ್ಕಂಡ್ರೆ ಮಕ್ಕಳ ಮೇಲೆ ಬತ್ತದೆ."

ಸೌಮ್ಯ ನನ್ನ ಮುಖ ನೋಡಿದಳು. ನಾನು ಕುಳ್ಳನ ಹಗ್ಗವನ್ನು ನಾನೇ ಬಿಚ್ಚಿ ಪೂಜಾರಿಯ ಕೈಗೆ ಕೊಟ್ಟೆ. ಅವನು ಒಮ್ಮೆ ತಿರುಗಿ ನೋಡಿದ. ನಾನು ನೋಡಲಿಲ್ಲ. ಬೋರ್ಡಿನ ಮುಂದೆ ಹೋಗಿ ನಿಂತು ಅದರಲ್ಲಿ ಬರೆದಿದ್ದ ಕಾನೂನನ್ನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿದೆ.

ಮಧ್ಯಾಹ್ನ ಎಲೆ ಹಾಕಿದರು. ಎಲ್ಲರಿಗೂ ಕೇಳಿಸುವಂತೆ ನಾನು ಘೋಷಿಸಿದೆ: "ಅವನ ಬಾಡು ನಾನು ಮುಟ್ಟೋದಿಲ್ಲ. ಪ್ರಾಣ ಹೋದರೂ ಮುಟ್ಟೋದಿಲ್ಲ." ಬೀಗಿತ್ತಿಯವರು ಸೆರಗಿನಿಂದ ಕಣ್ಣೊತ್ತಿಕೊಂಡರು. ಸೌಮ್ಯ ನನ್ನ ಎಲೆಗೆ ಬಿಸಿ ಮುದ್ದೆ ಹಾಕಿ, ಬರಿ ಮುದ್ದೆ ಹೇಗೆ ತಿಂತೀಯಪ್ಪಾ ಎಂಬಂತೆ ನಿಂತಳು.

"ಒಸಿ ಸಾರು ಬುಡು ಮಗ" ಎಂದೆ. "ಪೀಸು ಬ್ಯಾಡ."

ಸಾರು ಬಾಡಲ್ಲ ಎಂಬ ಬಗ್ಗೆ ನನಗೆ ಆಗಲೂ ಯಾವ ಗೊಂದಲವೂ ಇರಲಿಲ್ಲ, ಈಗಲೂ ಇಲ್ಲ. ಮೊದಲ ಮುದ್ದೆಯನ್ನು ಅಳುತ್ತಾ ನುಂಗಿದೆ. ಎರಡನೆಯದಕ್ಕೆ ಅಳು ಸ್ವಲ್ಪ ಹತೋಟಿಗೆ ಬಂತು. ಮೂರನೆಯ ಮುದ್ದೆ ಹಿಡಿದು ಬಂದ ಜಯಮ್ಮ ಎಲೆಯ ಮುಂದೆ ನಿಂತು ತಣ್ಣಗೆ ಕೇಳಿದಳು:

"ಯೆಂಗೈತೆ ಸಾರು?"

ಅವಳಿಗೆ ತಕ್ಕ ಉತ್ತರ ಕೊಡಬೇಕೆಂದು ತಲೆಯೆತ್ತಿದೆ. ಬಾಯಿ ತುಂಬಾ ಮುದ್ದೆಯಿತ್ತು. ಮೂರನೆಯದನ್ನೂ ಇಕ್ಕಲಿ ಎಂದು ಎಲೆಯನ್ನು ಅವಳ ಕಡೆಗೆ ಸರಿಸಿದೆ.